ಅತ್ತಿಗೆಯ ಕುಂಬಳದ ತಲೆಗಳು

ನಮ್ಮ ಆರ್ಲೀನ್ ಅತ್ತಿಗೆ ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಕೆಲಸ ಬಿಟ್ಟು ಹದಿನೇಳು ವರ್ಷವಾಗಿದ್ದರೂ ರೈಲು ಹಳಿ ಬಂದಲ್ಲೆಲ್ಲ ಶಾಲೆಯ ಬಸ್ಸಿನ ನಿಯಮದಂತೆ ಇವತ್ತಿಗೂ ಕಾರನ್ನು ಪೂರ್ತಿ ನಿಲ್ಲಿಸಿ, ಕಿಟಕಿ ಇಳಿಸಿ, ರೈಲಿನ ಸದ್ದಿದೆಯೇ ಎಂದು ಆಲಿಸುತ್ತಾಳೆ. ಹಿಂದಿನವರು ಹಾರ್ನ್ ಹೊಡೆದು ಹೊಡೆದು ಸುಸ್ತಾದರೂ ಜಪ್ಪಯ್ಯ ಎನ್ನುವುದಿಲ್ಲ. ಅಕ್ಟೋಬರಿನ ಮೊದಲ ಶನಿವಾರ ಬೆಳಗಿನ ಜಾವ, ಮಾರ್ಷ್‌ಬರ್ಗಿನ ಹ್ಯಾಲೋವೀನ್ ಕಲಾ ಪ್ರದರ್ಶನಕ್ಕೆ ಹೊರಟ ನಾವಿಬ್ಬರು ಅಂಥ ನಾಲ್ಕು ಹಳಿ ದಾಟಬೇಕಿತ್ತು. ನಾಲ್ಕು ಕಡೆಯೂ ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಗೊಣಗುವ ಹಕ್ಕು ಅವತ್ತು ನನಗಿರಲಿಲ್ಲ. ನನ್ನ ತೊಡೆಯ ಮೇಲೆ ಒಂದು ಹಳೆಯ ಟೋಪಿ ಡಬ್ಬಿ, ಅದರೊಳಗೆ ನಾನು ಕೈಯಾರೆ ಹಾಳುಮಾಡಿದ ಒಂದು ತಲೆ.

ತಲೆ ಎಂದರೆ ಗಾಬರಿಯಾಗಬೇಡಿ. ಕಾಗದ ನೆನೆಸಿ, ಅರೆದು, ಅಂಟು ಕಲಸಿ ಮಾಡಿ, ಎಣ್ಣೆಬಣ್ಣ ಬಳಿದ ಕುಂಬಳಕಾಯಿ ಲಾಟೀನು. ಕಣ್ಣು ಮೂಗು ಕೊರೆದಿರುತ್ತಾರೆ, ಹಲ್ಲು ಕಿಸಿದಿರುತ್ತದೆ, ಹಿಡಿಯಲು ಮೇಲೊಂದು ತಂತಿ. ಅತ್ತಿಗೆಯ ಹತ್ತಿರ ಇಂಥವು ಇಪ್ಪತ್ತೊಂಬತ್ತು ಇವೆ, ವರ್ಷಕ್ಕೊಂದರಂತೆ. ಒಂದು ವರ್ಷ ಮಾತ್ರ ಆಸೆ ತಡೆಯಲಾರದೆ ಎರಡು ತಂದಿದ್ದಳು. ಅವನ್ನು ತಲೆಗಳು ಎಂದು ಮೊದಲು ಕರೆದವನು ಗೆರಿಟ್, ಅವಳ ಗಂಡ, ನನ್ನ ಅಣ್ಣ. ಪ್ರದರ್ಶನದಿಂದ ಬಂದ ಸಂಜೆ ನಾನು ಫೋನು ಮಾಡಿದರೆ, "ಈ ಸಲ ಒಂದೇ ತಲೆ ಬಿತ್ತು ಕಣೇ ಡೆನಾ, ಬಚಾವಾದೆ" ಎನ್ನುತ್ತಿದ್ದ.

ಮಿಶಿಗನ್‌ನ ಈ ಮೂಲೆಯ ಡಚ್ಚರಾದ ನಮಗೆ ಎರಡು ವಿಷಯದಲ್ಲಿ ರಾಜಿಯಿಲ್ಲ. ಒಂದು ಚರ್ಚು, ಇನ್ನೊಂದು ಕೊಳೆ. ನಾವು ಚಿಕ್ಕವರಿದ್ದಾಗ, ಅದು ಭೂತಪ್ರೇತಗಳ ಹಬ್ಬವೆಂದು, ಹ್ಯಾಲೋವೀನ್ ಎಂಬ ಮಾತನ್ನೇ ಮನೆಯಲ್ಲಿ ಎತ್ತುವಂತಿರಲಿಲ್ಲ. ಅಕ್ಟೋಬರ್ ಮೂವತ್ತೊಂದರ ಸಂಜೆ ಊರಿನ ಬೇರೆ ಮಕ್ಕಳು ವೇಷ ಹಾಕಿಕೊಂಡು ಬಾಗಿಲು ಬಾಗಿಲು ತಟ್ಟಿ ಮಿಠಾಯಿ ಕೇಳುತ್ತಿದ್ದರೆ, ನಾವು ಚರ್ಚಿನ ಬೆಂಚಿನ ಮೇಲೆ ಕೋಲು ನುಂಗಿದವರ ಹಾಗೆ ನೆಟ್ಟಗೆ ಕೂತು, ಮತಸುಧಾರಣೆಯ ದಿನದ ಉಪದೇಶ ಕೇಳುತ್ತಿದ್ದೆವು. ಉಪದೇಶ ಶುರುವಾಗುವಾಗ ಅಮ್ಮ ಒಂದು ಪೆಪ್ಪರ್‌ಮಿಂಟು ಕೊಡುತ್ತಿದ್ದಳು, ಅರ್ಧಕ್ಕೆ ಬಂದಾಗ ಇನ್ನೊಂದು. ನಮ್ಮ ಪಾಲಿನ ಮಿಠಾಯಿ ಅಷ್ಟೇ. ನನಗದು ಕಡಿಮೆ ಎನಿಸಲೇ ಇಲ್ಲ, ಯಾಕೆಂದರೆ ಹೇಳಿದ ಮಾತು ಕೇಳುವ ಮಗಳು ನಾನು. ಅತ್ತಿಗೆಯೂ ಇದೇ ಚರ್ಚಿನವಳು, ನಮ್ಮ ಮುಂದಿನ ಬೆಂಚಿನವಳು.

ಹೀಗೆ ಬೆಳೆದ ಹೆಂಗಸು ಐವತ್ತನೆಯ ವಯಸ್ಸಿನಲ್ಲಿ, ಪತ್ರಿಕೆಯ ಮೂಲೆಯಲ್ಲಿದ್ದ ಬೆರಳಗಲದ ಜಾಹೀರಾತು ನೋಡಿ, "ಗೆರಿಟ್, ಶನಿವಾರ ನನ್ನನ್ನ ಮಾರ್ಷ್‌ಬರ್ಗಿಗೆ ಕರ್ಕೊಂಡು ಹೋಗು" ಎಂದಳು. ಬಂದಾಗ ಕೈಯಲ್ಲೊಂದು ಸೊಟ್ಟಬಾಯಿಯ ಲಾಟೀನು. ಒಲೆಯ ಮೇಲೆ ನೂರು ವರ್ಷ ತೂಗುಹಾಕಿದ್ದರೋ ಎಂಬಂತೆ ಕಂದುಗಟ್ಟಿದ್ದ ಕಾಯಿ. ನಾನು ಅದನ್ನು ನೋಡಿ, "ದುಡ್ಡು ಕೊಟ್ಟು ಕೊಳೆ ಕೊಂಡುಕೊಂಡೆಯಾ?" ಎಂದೆ. ಯಾಕೆ ಬೇಕು ಇದು ಎಂದು ಬೇರೆ ಬೇರೆ ರೀತಿಯಲ್ಲಿ ಕೇಳಿದೆ. ಪ್ರತಿ ಸಲವೂ "ನಂಗೆ ಬೇಕು" ಎಂಬ ಒಂದೇ ಉತ್ತರ.

ಸುದ್ದಿ ಚರ್ಚಿಗೆ ಮುಟ್ಟಲು ಎರಡು ವಾರವೂ ಬೇಕಾಗಲಿಲ್ಲ. ಇಬ್ಬರು ಹಿರಿಯರು ಟೈ ಕಟ್ಟಿಕೊಂಡು ಮನೆಗೆ ಬಂದರು. ಅತ್ತಿಗೆ ಕಾಫಿ ಕೊಟ್ಟಳು, ಬಾದಾಮಿ ಬಿಸ್ಕತ್ತು ಇಟ್ಟಳು. ಇದು ಸೈತಾನನಿಗೆ ಬಾಗಿಲು ತೆರೆದ ಹಾಗೆ ಎಂದು ಅವರು ಮೆಲ್ಲಗೆ ಶುರುಮಾಡಿದರು.

"ನೋಡಿ, ಹತ್ತೊಂಬತ್ತು ವರ್ಷದಿಂದ ಏಳನೇ ಕ್ಲಾಸಿನ ಹುಡುಗರನ್ನ ಬಸ್ಸಲ್ಲಿ ಹೊತ್ಕೊಂಡು ತಿರುಗ್ತಿದೀನಿ. ಸೈತಾನ ಬಂದ್ರೆ ಅವನನ್ನೂ ಮುಂದಿನ ಸೀಟಲ್ಲಿ ಕೂರಿಸ್ತೀನಿ, ನನ್ನ ಕಣ್ಣೆದುರಿಗೆ. ಇನ್ನೊಂದು ಬಿಸ್ಕತ್ತು ತಗೊಳ್ಳಿ" ಎಂದಳು ಅತ್ತಿಗೆ. ಅವರು ತಗೊಂಡರು. ಆಮೇಲೆ ಆ ವಿಷಯಕ್ಕೆ ಯಾರೂ ಬರಲಿಲ್ಲ.

ಗೆರಿಟ್ ಪೈಪು ಸೇದುತ್ತಿದ್ದ. ಹಿಂದಿನ ಕೋಣೆಯೊಂದರಲ್ಲಿ ಬಿಟ್ಟು ಮನೆಯ ಬೇರೆಲ್ಲೂ ಸೇದುವಂತಿರಲಿಲ್ಲ. ತಲೆಗಳಿಗೂ ಮುಂದಿನ ಕೋಣೆಯಲ್ಲಿ ಜಾಗ ಸಿಗಲಿಲ್ಲ, ಬಂದವರ ಮುಂದೆ ಮುಜುಗರ. ಹಾಗಾಗಿ ಅವನ ಕುರ್ಚಿಯ ಮೇಲ್ಗಡೆಯೇ ಹಲಗೆ ಹೊಡೆದರು. ಮುಂದಿನ ಕೋಣೆಯಿಂದ ಹೊರಗಟ್ಟಿಸಿಕೊಂಡ ಗಂಡ, ಹೊರಗಟ್ಟಿಸಿಕೊಂಡ ಕುಂಬಳಕಾಯಿ, ಒಂದೇ ಕೋಣೆಯಲ್ಲಿ ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದವು. ಸಂಜೆ ಅವನು ಪತ್ರಿಕೆ ಓದುತ್ತ ಹೊಗೆ ಬಿಟ್ಟರೆ ಅದು ನೇರವಾಗಿ ಅವುಗಳ ಕಣ್ಣೊಳಗೆ ಹೋಗಿ ಬಾಯಿಂದ ಬರುತ್ತಿತ್ತು. ನಾನು ನೋಡಿ ನಕ್ಕಿದ್ದೇನೆ.

ನಾನು ಎಂಟು ಹತ್ತು ಸಲವಾದರೂ ಆ ಪ್ರದರ್ಶನಕ್ಕೆ ಅವರಿಬ್ಬರ ಜೊತೆ ಹೋಗಿದ್ದೇನೆ, ಬರೀ ದಾಲ್ಚಿನ್ನಿ ಹಾಕಿದ ಡೋನಟ್ಟಿಗೆ ಎಂದು ಹೇಳಿಕೊಂಡು. ಜಾತ್ರೆ ಮೈದಾನದ ಹಳೆಯ ಸಭಾಂಗಣದ ಮುಂದೆ ಆರು ಗಂಟೆಗೇ ಸಾಲು. ಮಂಜು, ಸೇಬಿನ ಬಿಸಿ ರಸದ ವಾಸನೆ, ಮಡಚುವ ಕುರ್ಚಿಗಳು, ಮಾಟಗಾತಿ ಟೋಪಿ ಹಾಕಿದ ಅಜ್ಜಿಯಂದಿರು. ಒಂಬತ್ತಕ್ಕೆ ಗಂಟೆ ಬಾರಿಸಿ ಬಾಗಿಲು ತೆಗೆಯುತ್ತಾರೆ. ಒಳಗಿನ ನಿಯಮ ಒಂದೇ, ಮೊದಲು ಕೈಯಿಟ್ಟವರದ್ದು ವಸ್ತು. ಅವರು ಕೆಳಗಿಡುವ ತನಕ ಬೇರೆಯವರು ಮುಟ್ಟುವಂತಿಲ್ಲ. ನಮ್ಮ ಅತ್ತಿಗೆ, ಅರವತ್ತು ದಾಟಿದವಳು, ಗಂಟೆ ಬಾರಿಸಿದ ಕೂಡಲೇ ಕೋಟಿನ ತುದಿ ಎತ್ತಿ ಹಿಡಿದು ಓಡುತ್ತಿದ್ದಳು, ನೇರ ರೋಲಂಡ್ ಪ್ರುಯಿಟ್‌ನ ಮೇಜಿಗೆ. ಓಹಾಯೋದ ತೆಂಕಣ ಬೆಟ್ಟಗಳ ಕಡೆಯ ಮನುಷ್ಯ ಅವನು, ಅವಳ ತಲೆಗಳನ್ನೆಲ್ಲ ಮಾಡಿದವನು. ಗೆರಿಟ್ ಬಾಗಿಲಲ್ಲಿ ನಿಂತು ಗಡಿಯಾರ ಹಿಡಿದಿರುತ್ತಿದ್ದ. "ಹದಿನಾಲ್ಕು ಸೆಕೆಂಡು! ಹೋದ ವರ್ಷಕ್ಕಿಂತ ಎರಡು ಕಮ್ಮಿ!" ಎಂದು ಕೂಗುತ್ತಿದ್ದ. ನಾನು ನಾಚಿಕೆಯಿಂದ ಕಂಬದ ಮರೆಗೆ ಸರಿಯುತ್ತಿದ್ದೆ.

ಕಳೆದ ಮಾರ್ಚಿನಲ್ಲಿ ಗೆರಿಟ್ ತೀರಿಕೊಂಡ. ಬೆಳಿಗ್ಗೆ ಹಿಮ ಎತ್ತಲು ಹೋದವನು ಗ್ಯಾರೇಜಿನ ಬಾಗಿಲಲ್ಲೇ ಕುಸಿದ.

ನಮ್ಮಲ್ಲಿ ಸಾವಾದ ಮನೆಯನ್ನು ಹತ್ತಿರದ ಹೆಂಗಸರು ತೊಳೆದು ಬಳಿದು ಕೊಡುತ್ತಾರೆ. ದುಃಖದಲ್ಲಿರುವವಳಿಗೆ ಕಸಬರಿಕೆ ಹಿಡಿಸಬಾರದು ಎಂಬುದು ರೂಢಿ. ನಾನು ಬಕೆಟ್ಟು ಹಿಡಿದು ಹೋದೆ. ಅತ್ತಿಗೆ ಶವಪೆಟ್ಟಿಗೆ ಆರಿಸಲು ಹೋಗಿದ್ದಳು. ಅಳುವುದಕ್ಕಿಂತ ಉಜ್ಜುವುದು ನನಗೆ ಸುಲಭ, ಆದ್ದರಿಂದ ಉಜ್ಜಿದೆ. ಅಡುಗೆಮನೆ ಆಯಿತು, ಕಿಟಕಿ ಆಯಿತು, ಮೆಟ್ಟಿಲು ಆಯಿತು. ಕೊನೆಗೆ ಹಿಂದಿನ ಕೋಣೆ. ಅಲ್ಲಿ ಅಣ್ಣನ ಖಾಲಿ ಕುರ್ಚಿಯ ಮೇಲೆ ಸಾಲಾಗಿ ಕೂತ ಆ ಕೊಳಕು ಮುಖಗಳು. ಎಡತುದಿಯಲ್ಲಿದ್ದುದು ಎಲ್ಲಕ್ಕಿಂತ ಕಪ್ಪು. ಬಿಸಿನೀರಿಗೆ ವಿನೆಗರ್ ಹಾಕಿ, ಮೆತ್ತನೆಯ ಬಟ್ಟೆ ಅದ್ದಿ, ಮೂಲೆಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷು ಹಿಡಿದು, ಮುಕ್ಕಾಲು ಗಂಟೆ ತಿಕ್ಕಿದೆ. ಬಕೆಟ್ಟಿನ ನೀರು ಕಾಫಿಯಾಯಿತು. ಕಾಯಿ ಫಳಫಳ ಕಿತ್ತಳೆಯಾಯಿತು. ಸತ್ಯ ಹೇಳುತ್ತೇನೆ, ನನಗೆ ಹೆಮ್ಮೆಯಾಯಿತು. ಎರಡನೆಯದಕ್ಕೆ ಕೈ ಚಾಚುವಷ್ಟರಲ್ಲಿ ಚರ್ಚಿನವರು ಮರುದಿನದ ಊಟಕ್ಕೆ ಹ್ಯಾಮು, ಬನ್ನು ತಂದು ಬಾಗಿಲು ತಟ್ಟಿದರು. ಉಳಿದ ತಲೆಗಳನ್ನು ಉಳಿಸಿದ್ದು ಆ ಹ್ಯಾಮು.

ಸಂಜೆ ಅತ್ತಿಗೆ ಆ ಕೋಣೆಗೆ ಹೋದಳು. ನಾನು ಹಿಂದೆ ಹೋಗಿ ನಿಂತೆ.

"ಇದು ಯಾರು?" ಎಂದಳು.

"ನಿನ್ನ ಮೊದಲನೇದು. ತೊಳೆದಿಟ್ಟೆ. ಎಷ್ಟು ಕೊಳೆ ಇತ್ತು ಗೊತ್ತಾ?"

ಅವಳು ಅದರ ಮುಖವನ್ನು ಗೋಡೆಯ ಕಡೆ ತಿರುಗಿಸಿ ಹೋದಳು. ಆ ಕಂದು ಬಣ್ಣ ಕೊಳೆಯಲ್ಲ, ಹಳೆಯದರಂತೆ ಕಾಣಲೆಂದು ಮಾಡಿದವನೇ ಹಚ್ಚಿದ್ದು, ಅದರ ಮೇಲೆ ನನ್ನ ಅಣ್ಣನ ಇಪ್ಪತ್ತೆಂಟು ವರ್ಷದ ಹೊಗೆ ಕೂತದ್ದು ಎಂಬುದೆಲ್ಲ ನನಗೆ ನಿಧಾನವಾಗಿ ಹೊಳೆಯಿತು. ಹೊಳೆದ ಮೇಲೆ ನಿದ್ದೆ ಹೋಯಿತು. ಅಣ್ಣನನ್ನು ಮಣ್ಣುಮಾಡುವ ಮೊದಲೇ ಅವನದೆಂದು ಉಳಿದದ್ದನ್ನು ನಾನು ಬಚ್ಚಲಿಗೆ ಸುರಿದಿದ್ದೆ. ಉಪಕಾರ ಮಾಡಲು ಹೋಗಿ ಇಂಥ ಅನ್ಯಾಯ ಯಾರೂ ಮಾಡಿರಲಾರರು.

ಅತ್ತಿಗೆ ನನ್ನ ಜೊತೆ ಮಾತು ಬಿಡಲಿಲ್ಲ. ಬಿಟ್ಟಿದ್ದರೆ ವಾಸಿಯಿತ್ತು. ಹವೆಯ ಬಗ್ಗೆ ಮಾತಾಡಿದಳು, ಟೊಮೆಟೊ ಸಸಿಯ ಬಗ್ಗೆ ಮಾತಾಡಿದಳು, ಆದರೆ ಒಂದು ಸಲವೂ ಗೇಲಿ ಮಾಡಲಿಲ್ಲ, ಬೈಯಲಿಲ್ಲ. ಐವತ್ತು ವರ್ಷ ನಾವಿಬ್ಬರು ಒಬ್ಬರನ್ನೊಬ್ಬರು ಕುಟುಕಿಕೊಂಡೇ ಬದುಕಿದವರು. ಈ ಮರ್ಯಾದೆ ನನ್ನ ಜೀವ ತಿಂದಿತು. ಏಳು ತಿಂಗಳು ಆ ಕಾಯಿ ಗೋಡೆ ನೋಡುತ್ತ ಕೂತಿತ್ತು. ಸೆಪ್ಟೆಂಬರ್ ಕೊನೆಗೆ ಫೋನು ಬಂತು. "ಶನಿವಾರ ಐದಕ್ಕೆ ತಯಾರಾಗಿರು. ಅದನ್ನ ಪ್ರುಯಿಟ್‌ಗೆ ತೋರಿಸ್ಬೇಕು. ಗೆರಿಟ್ ಇದ್ದಾಗ ಹೇಗಿತ್ತೋ ಹಾಗೆ ಮಾಡಿಕೊಡ್ತಾರಾ ಕೇಳ್ಬೇಕು." ನನಗೂ ಬೇಕಾದದ್ದು ಅದೊಂದೇ.

ಸಾಲಿನಲ್ಲಿ ವಾಂಡಾ ಜಾಗ ಹಿಡಿದಿದ್ದಳು. ಇಂಡಿಯಾನಾದವಳು, ವರ್ಷಕ್ಕೊಮ್ಮೆ ಇಲ್ಲಿ ಮಾತ್ರ ಸಿಗುವ ಗೆಳತಿ, ಟೋಪಿಯ ಮೇಲೆ ಬಟ್ಟೆಯ ಕಾಗೆ.

"ಇಷ್ಟು ಹೊತ್ತಿಗಾ ಬರೋದು ಮಾರಾಯ್ತಿ! ನಿನ್ನ ಜಾಗ ಕಾದು ಕಾದು ನನ್ನ ಕಾಲು ಮರಗಟ್ಟಿ ಹೋಯ್ತು. ಗೆರಿಟ್ ಎಲ್ಲಿ, ಗಾಡಿ ನಿಲ್ಲಿಸೋಕೆ ಹೋದ್ನಾ?"

"ಮಾರ್ಚಲ್ಲಿ ಹೋದ, ವಾಂಡಾ."

ವಾಂಡಾ ಕಾಗೆ ಟೋಪಿ ತೆಗೆದು ಎದೆಗೆ ಹಿಡಿದುಕೊಂಡಳು. ಹಿಂದಿದ್ದವರು ಒಬ್ಬೊಬ್ಬರೇ ಬಂದು ಅತ್ತಿಗೆಯ ಕೈ ಮುಟ್ಟಿ ಹೋದರು. ವೇಷ ಹಾಕಿದ ಮುದುಕಿಯರು, ಮೂಗಿಗೆ ಹಸಿರು ಬಳಿದವರು, ಯಾರ ಕಣ್ಣೂ ಒಣಗಿರಲಿಲ್ಲ. ನನ್ನ ಅಣ್ಣ ಇಲ್ಲಿ ಇಷ್ಟು ಜನಕ್ಕೆ ಬೇಕಾಗಿದ್ದ ಎಂಬುದು ನನಗೆ ಗೊತ್ತೇ ಇರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ವಾಂಡಾ ನನ್ನ ಡಬ್ಬಿ ನೋಡಿದಳು. "ಅದರಲ್ಲೇನು?"

ಎಷ್ಟು ದಿನ ಮುಚ್ಚಿಡಲಿ? "ಪ್ರುಯಿಟ್ ಮಾಡಿದ್ದು, ಇವಳ ಮೊದಲನೇ ಕಾಯಿ. ನಾನು ತೊಳೆದೆ" ಎಂದೆ.

"ತೊಳೆದೆ ಅಂದ್ರೆ? ಧೂಳು ಒರೆಸಿದೆ ಅಂತಾನಾ?"

"ವಿನೆಗರ್ ಹಾಕಿ. ಬ್ರಷ್ಷಲ್ಲಿ."

ವಾಂಡಾ ತನ್ನ ಮಡಚುವ ಕುರ್ಚಿಯಲ್ಲಿ ದೊಪ್ಪನೆ ಕೂತಳು. "ದೇವರೇ! ಇದಕ್ಕಿಂತ ಅದನ್ನ ಕಾರಿನ ಚಕ್ರದ ಕೆಳಗೆ ಹಾಕಿದ್ರೂ ಪರವಾಗಿರ್ಲಿಲ್ಲ. ಸಂಗ್ರಹ ಮಾಡೋರು ಯಾರೂ ಇನ್ನು ಅದನ್ನ ಮುಟ್ಟಲ್ಲ. ನಿಮ್ಮ ಮನೇಲಿ ಇವಳನ್ನ ಒಬ್ಬಳನ್ನೇ ಬಿಡ್ತೀಯಾ ಆರ್ಲೀನ್?"

"ಬಿಡು ವಾಂಡಾ" ಎಂದಳು ಅತ್ತಿಗೆ. "ಅವಳು ನಮ್ಮೂರವಳು. ಏಣಿ ಕೊಟ್ರೆ ಚಂದ್ರನ್ನೂ ತೊಳೆದಿಡ್ತಾಳೆ."

ಸಾಲೆಲ್ಲ ನಕ್ಕಿತು. ಏಳು ತಿಂಗಳಲ್ಲಿ ಅವಳು ನನ್ನನ್ನು ಗೇಲಿ ಮಾಡಿದ್ದು ಅದೇ ಮೊದಲು.

ಒಂಬತ್ತಕ್ಕೆ ಗಂಟೆ ಬಾರಿಸಿತು. ಎಲ್ಲರೂ ಓಡಿದರು. ಅತ್ತಿಗೆ ಓಡಲಿಲ್ಲ. ಬಾಗಿಲಿನ ಹತ್ತಿರ, ಗೆರಿಟ್ ನಿಲ್ಲುತ್ತಿದ್ದಲ್ಲಿ ಒಂದು ಗಳಿಗೆ ನಿಂತು ನಿಧಾನವಾಗಿ ನಡೆದಳು. ನಾವು ಮುಟ್ಟುವಷ್ಟರಲ್ಲಿ ಪ್ರುಯಿಟ್‌ನ ಮೇಜು ಖಾಲಿ. ಒಂದು ಕಪ್ಪು ಬೆಕ್ಕು, ಎರಡು ಗೂಬೆ ಉಳಿದಿದ್ದವು. ಪ್ರುಯಿಟ್ ತುಂಬ ಇಳಿದುಹೋಗಿದ್ದ, ಕೈಗಳು ಮಾತ್ರ ಹಾಗೇ ಇದ್ದವು.

"ಆರ್ಲೀನಮ್ಮ! ನೀವು ಓಡಿ ಬರಲಿಲ್ಲ ಅಂದಾಗ್ಲೇ ಅಂದ್ಕೊಂಡೆ" ಎಂದು ಅವನು ಅರ್ಧಕ್ಕೆ ನಿಲ್ಲಿಸಿದ. ವಾಂಡಾ ಆಗಲೇ ಹೇಳಿದ್ದಳು ಅಂತ ಕಾಣುತ್ತದೆ. "ನಿಮ್ಮ ಮನೆಯವರು ಒಳ್ಳೇವ್ರು. ಪ್ರತಿ ವರ್ಷ ನನಗೊಂದು ಡೋನಟ್ಟು ತಂದುಕೊಡ್ತಿದ್ರು."

ನಾನು ಡಬ್ಬಿ ತೆರೆದು ಮುಂದಿಟ್ಟೆ. ಅವನು ಕಾಯಿಯನ್ನು ಎರಡೂ ಕೈಯಲ್ಲಿ ಎತ್ತಿ, ಬೆಳಕಿಗೆ ಹಿಡಿದು, ಸುತ್ತ ತಿರುಗಿಸಿ ನೋಡಿದ.

"ತಪ್ಪು ನನ್ನದು. ಕೊಳೆ ಅಂದ್ಕೊಂಡು ತೊಳೆದುಬಿಟ್ಟೆ. ಅದರ ಜೊತೆ ಅಣ್ಣನ ಪೈಪಿನ ಹೊಗೆನೂ ಹೋಯ್ತು" ಎಂದೆ.

"ಕೊಳೆನೇ ತಾಯಿ ಅದು. ನಾನೇ ಹಚ್ಚಿದ ಕೊಳೆ. ಒಲೆಯ ಮಸಿ, ನೆಲಕ್ಕೆ ಹಾಕೋ ಮೇಣ, ವಾಲ್‌ನಟ್ ಸಿಪ್ಪೆ ಕುದಿಸಿದ ನೀರು. ಮೊದಲ ವರ್ಷ ಹೊಸ ಬಣ್ಣದಲ್ಲೇ ತರೋಣ ಅಂತಿದ್ದೆ. ಹಳೇದರ ಥರ ಇಲ್ದಿದ್ರೆ ಯಾರೂ ಕೊಳ್ಳಲ್ಲ ಅಂದ್ರು. ಹಿಂದಿನ ದಿನ ರಾತ್ರಿ ಕೂತು ಹಚ್ಚಿದೆ." ಅವನು ನಕ್ಕ. "ಇದನ್ನ ಈ ಬಣ್ಣದಲ್ಲಿ ನೋಡಿ ಎಷ್ಟು ವರ್ಷ ಆಯ್ತೋ. ಚಿಂತೆ ಮಾಡ್ಬೇಡಿ. ಆ ಕೊಳೆಯ ಡಬ್ಬ ಇಲ್ಲೇ ಇದೆ, ಹತ್ತು ನಿಮಿಷದ ಕೆಲಸ. ಊಟದ ಹೊತ್ತಿಗೆ ಒಣಗುತ್ತೆ."

ಹೋದ ಜೀವ ಬಂದ ಹಾಗಾಯಿತು. ನಾನು ಅವನ ಕೈ ಹಿಡಿದು ಕುಲುಕಿಯೇ ಬಿಟ್ಟೆ.

"ಆದ್ರೆ ಒಂದು ಮಾತು" ಎಂದ ಅವನು, ಅತ್ತಿಗೆಯ ಕಡೆ ತಿರುಗಿ. "ನನ್ನ ಕೊಳೆ ಮಾತ್ರ ನಾನು ಹಚ್ಚಬಲ್ಲೆ. ಅವರ ಪೈಪಿನದ್ದು ನನ್ನ ಕೈಯಲ್ಲಾಗಲ್ಲ."

"ಗೊತ್ತು" ಎಂದಳು ಅತ್ತಿಗೆ.

ಅವನು ಡಬ್ಬದ ಮುಚ್ಚಳ ತೆಗೆದ. ಮೇಣದ ವಾಸನೆ ಬಂತು. ಬ್ರಷ್ಷು ಅದ್ದಿ, ಕಾಯಿಯ ಕೆನ್ನೆಯ ಹತ್ತಿರ ತಂದ.

"ತಡೀರಿ" ಎಂದಳು ಅತ್ತಿಗೆ.

ಅವಳು ನನ್ನನ್ನು ನೋಡಲಿಲ್ಲ, ಅವನನ್ನೂ ನೋಡಲಿಲ್ಲ. ಕಾಯಿಯ ಜೊತೆಗೇ ಮಾತಾಡುವವಳ ಹಾಗೆ ಹೇಳಿದಳು. "ನಂಗೆ ಏಳು ವರ್ಷ. ಮಂಗನಬಾವು ಆಗಿತ್ತು. ಹ್ಯಾಲೋವೀನ್ ಸಂಜೆ ಎಲ್ರೂ ಚರ್ಚಿಗೆ ಹೋಗಿದ್ರು, ನನ್ನನ್ನ ಅಜ್ಜಿ ಜೊತೆ ಬಿಟ್ಟಿದ್ರು. ಅಜ್ಜಿ ತೂಕಡಿಸಿದ್ಲು. ನಾನು ದೀಪ ಆರಿಸಿ ಕಿಟಕಿ ಹತ್ರ ಹೋದೆ. ಬೀದೀಲಿ ಆರೇಳು ಮಕ್ಕಳು ಹೋಗ್ತಿದ್ರು, ಕೈಲಿ ಕುಂಬಳದ ಲಾಟೀನು. ಒಳಗೆ ಮೇಣದಬತ್ತಿ. ಹಳೇದಲ್ಲ ಕಣ್ರೀ ಅವು. ಆವತ್ತೇ ಅಂಗಡಿಯಿಂದ ತಂದದ್ದು. ಥಳಥಳ ಅಂತಿದ್ವು. ಈ ಬಣ್ಣ. ಇದೇ ಬಣ್ಣ. ಇಷ್ಟು ವರ್ಷ ಹಳೇದರ ಥರ ಕಾಣೋದನ್ನೇ ಹುಡುಕಿ ಹುಡುಕಿ ತಂದೆ. ಅವು ಆವತ್ತು ಹೊಸದಾಗಿದ್ವು ಅನ್ನೋದೇ ಮರೆತು ಹೋಗಿತ್ತು ನಂಗೆ."

ಪ್ರುಯಿಟ್ ಬ್ರಷ್ಷನ್ನು ಮೆಲ್ಲಗೆ ಡಬ್ಬದ ಅಂಚಿಗೆ ಒರಗಿಸಿದ.

"ಮತ್ತೆ ಗೋಡೆ ಕಡೆ ಯಾಕೆ ತಿರುಗಿಸಿದೆ?" ಎಂದೆ ನಾನು. "ಏಳು ತಿಂಗಳು ಆರ್ಲೀನ್! ನೀನು ನನ್ನ ಮುಖ ನೋಡೋಕೆ ಇಷ್ಟ ಇಲ್ದೆ ಹಾಗೆ ಮಾಡಿದೆ ಅಂತ ನಾನು ದಿನಾ ಸಾಯ್ತಿದ್ದೆ."

"ಸಿಟ್ಟಿಗಲ್ಲ ಕಣೇ. ಅದನ್ನ ನೋಡಿದ ತಕ್ಷಣ ನಂಗೆ ಖುಷಿ ಆಯ್ತು. ಗೆರಿಟ್‌ನ ಇನ್ನೂ ಮಣ್ಣು ಮಾಡಿರ್ಲಿಲ್ಲ. ಆ ಹೊತ್ತಲ್ಲಿ ನಂಗೆ ಖುಷಿ ಆಗ್ಬಾರ್ದಿತ್ತು. ಯಾರ ಹತ್ರ ಹೇಳಲಿ ಅದನ್ನ?"

ಐವತ್ತು ವರ್ಷದ ಅತ್ತಿಗೆ ನಾದಿನಿಯರಾದ ನಾವು ಒಬ್ಬರನ್ನೊಬ್ಬರು ತಬ್ಬಿಕೊಂಡವರಲ್ಲ. ನಮ್ಮ ಜನಕ್ಕೆ ಅದು ಅಭ್ಯಾಸವಿಲ್ಲ. ಅವತ್ತೂ ತಬ್ಬಿಕೊಳ್ಳಲಿಲ್ಲ. ನಾನು ಕೋಟಿನ ಜೇಬಿನಿಂದ ಇಸ್ತ್ರಿ ಮಾಡಿದ ಕರ್ಚೀಫು ತೆಗೆದುಕೊಟ್ಟೆ. ಅವಳು ಅರ್ಧ ಒದ್ದೆ ಮಾಡಿ ವಾಪಸು ಕೊಟ್ಟಳು, ಉಳಿದರ್ಧ ನನಗೇ ಬೇಕಾಯಿತು. ಪ್ರುಯಿಟ್ ಡಬ್ಬದ ಮುಚ್ಚಳ ಹಾಕಿ, ನೋಡದವನಂತೆ ಗೂಬೆಗಳನ್ನು ಅತ್ತಿತ್ತ ಸರಿಸಿದ.

"ಹೀಗೇ ಇರ್ಲಿ" ಎಂದಳು ಅತ್ತಿಗೆ. ಆಮೇಲೆ ನನ್ನ ಕಡೆ ತಿರುಗಿ, "ಆದ್ರೆ ಅವನ ಹೊಗೆ ತೊಳೆದುಹಾಕಿದ್ದಕ್ಕೆ ನಿನ್ನ ಮಾಫಿ ಮಾಡಿಲ್ಲ. ಅದಕ್ಕೆ ಇನ್ನೂ ಸ್ವಲ್ಪ ದಿನ ಬೇಕು" ಎಂದಳು.

"ಎಷ್ಟು ದಿನ?"

"ನೋಡೋಣ. ಅಲ್ಲಿವರೆಗೆ ಬೈತಾ ಇರ್ತೀನಿ."

"ಬೈಯಿ" ಎಂದೆ. ಅಷ್ಟು ಮನಸಾರೆ ನಾನು ಏನನ್ನೂ ಬೇಡಿಕೊಂಡಿಲ್ಲ.

ನಾನು ಕಾಯಿಯನ್ನು ಡಬ್ಬಿಯೊಳಗಿಡಲು ಹೋದೆ. ಅವಳು ಡಬ್ಬಿ ಕಿತ್ತುಕೊಂಡಳು. "ಬೇಡ. ತಂತಿ ಹಿಡ್ಕೊಂಡು ನಡಿ. ತೊಳೆದವಳು ನೀನು, ಹೊರೋದೂ ನೀನೇ."

ಎಪ್ಪತ್ತಾರು ವರ್ಷದವಳು ನಾನು. ಮೂವತ್ತು ವರ್ಷ ಅಂಚೆ ಕಚೇರಿಯ ಕಿಟಕಿಯಲ್ಲಿ ಕೂತವಳು, ಚರ್ಚಿನ ಬೆಂಚಿನಿಂದ ಒಂದು ಸಲವೂ ತಲೆ ತಿರುಗಿಸಿ ಬೀದಿ ನೋಡದವಳು. ಹಿಡಿಕೆಯ ತಂತಿ ತಣ್ಣಗಿತ್ತು. ಕಾಯಿ ಇಷ್ಟು ಹಗುರ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ, ತಿಕ್ಕುವಾಗ ಗಮನಿಸಿರಲಿಲ್ಲ. ಮೇಜುಗಳ ನಡುವೆ ನಡೆದೆ. ವಾಂಡಾ ಬಾಯಿ ತೆರೆದು ನೋಡಿದಳು. ಯಾರಾದರೂ ನೋಡುತ್ತಾರೆಂದು ನಾನು ಅದನ್ನು ಕೋಟಿನ ಮರೆಯಲ್ಲಿ, ಮೊಣಕಾಲಿನ ಹತ್ತಿರ ತೂಗಾಡಿಸಿಕೊಂಡು ಹೋಗುತ್ತಿದ್ದೆ.

"ಎತ್ತಿ ಹಿಡಿಯೇ!" ಎಂದು ಹಿಂದಿನಿಂದ ಅತ್ತಿಗೆ ಗದರಿದಳು. "ಹಾಲಿನ ಬಕೆಟ್ಟಲ್ಲ ಅದು!"

ಎತ್ತಿ ಹಿಡಿದೆ.